ಕೈಗವಸಿಲ್ಲದೆ

ಸಾರ್ಜೆಂಟ್ ರಸ್ತೆ. ಬೂಟು ರಿಪೇರಿ ಅಂಗಡಿಯ ಕೆಳಗೊಂದು ನೆಲಮಾಳಿಗೆ.
ಹೊರಗೆ ವಿನ್ನಿಪೆಗ್ಗಿನ ಜನವರಿ, ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಒಳಗೆ ಅಂಟು, ತೊಗಲು, ಒದ್ದೆ ಉಣ್ಣೆಯ ವಾಸನೆ,
ಮಡಚುವ ಕುರ್ಚಿ ನಲವತ್ತು, ಜನ ಐವತ್ತು.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಯಾರೋ ಬರೆದಿದ್ದಾರೆ:
ಕೇಳಿ. ಉತ್ತರ ಬರುವ ತನಕ ಕಾಯಿರಿ.

ನನ್ನ ಕೆಲಸ ಬಲಗಡೆ ನಿಲ್ಲುವುದು,
ಬಾಯಿ ಆಡಿದ್ದನ್ನು ಕೈಯಲ್ಲಿ ಆಡುವುದು.
ಇಪ್ಪತ್ತೆರಡು ವರ್ಷವಾಯಿತು.
ಕೋರ್ಟಿನ ಜಾಮೀನು, ಆಸ್ಪತ್ರೆಯ ಗಡ್ಡೆ,
ಚರ್ಚಿನಂಗಳದ ಮಣ್ಣಿಗೆ ಮಣ್ಣು
ಎಲ್ಲವೂ ಈ ಹತ್ತು ಬೆರಳನ್ನು ಹಾದು ಹೋಗಿವೆ.
ಇದೊಂದು ಹಾದಿರಲಿಲ್ಲ.

ಓದೆಟ್ ಶಾರ್ಬೊನೊ ಎದ್ದಳು. ಎಪ್ಪತ್ತೊಂದು.
ಮೂವತ್ತು ವರ್ಷ ಶಾಲೆಯ ಬಸ್ಸು ತಿರುಗಿಸಿದ ಭುಜ,
ಹೊಸದಾಗಿ ಕೂಡಿಸಿದ ಲೋಹದ ಸೊಂಟ,
ದಿನಸಿ ಚೀಟಿಯ ಬೆನ್ನಿಗೆ ಬರೆದುಕೊಂಡ ಪದ್ಯ.
'ನನ್ನ ಗಂಡ ಒಳ್ಳೆಯವನು,' ಅಂತ ಶುರು ಮಾಡಿದಳು,
'ನಲವತ್ತು ವರ್ಷ ತಪ್ಪದೆ ದೀಪ ಆರಿಸಿದ.
ಅವನು ಹೋದ ಮೇಲೆ ಹಾಕಿಕೊಂಡೇ ಮಲಗಿದೆ.
ಒಂದು ರಾತ್ರಿ ನನ್ನನ್ನೇ ನೋಡಿದೆ
ಬಾಡಿಗೆ ಮನೆ ನೋಡಲು ಹೋದವಳ ಹಾಗೆ,
ಕೋಣೆ ಕೋಣೆಯಾಗಿ.
ಅಯ್ಯೋ, ಎಷ್ಟು ಕಿಟಕಿ!'

ಮಾಳಿಗೆ ನಕ್ಕಿತು. ಬಾಯ್ಲರು ಕೂಡ ಗುಡುಗಿತು.
ಕಿಟಕಿ ನನ್ನ ಕೈಗೆ ಸಲೀಸು.
ಒಂದು, ಇನ್ನೊಂದು, ಮತ್ತೊಂದು, ತೆರೆದೆ.

ಆಮೇಲೆ ಆ ಮಾತು ಬಂತು.
ಸುಖದ ಮಾತು, ಜಾಗದ ಹೆಸರು ಸಮೇತ.
ನನಗೆ ಗೊತ್ತಿದ್ದದ್ದು ಎರಡೇ:
ಡಾಕ್ಟರು ರಬ್ಬರ್ ಗ್ಲೌಸು ಹಾಕಿಕೊಂಡು ಹೇಳುವುದೊಂದು,
ಕುಡುಕರು ಬಾಗಿಲು ಒದೆಯುತ್ತ ಹೇಳುವುದೊಂದು.
ನಡುವಿನದು, ಊಟದ ಮೇಜಿನ ಮೇಲಿಡುವಂಥದು,
ಉಪ್ಪಿನ ಹಾಗೆ, ಸ್ವಲ್ಪ ಇತ್ತ ಕೊಡು ಅನ್ನುವಂಥದು
ಯಾರೂ ಕಲಿಸಿರಲಿಲ್ಲ.
ಡಾಕ್ಟರದ್ದನ್ನೇ ಆಡಿದೆ.
ಮುಂದಿನ ಸಾಲಿನಲ್ಲಿ ಸಿಗ್ರೂನ್
ಅನ್ನದಲ್ಲಿ ಕಲ್ಲು ಕಡಿದವಳಂತೆ ನೋಡಿದಳು.

ಮುಗಿದ ಮೇಲೆ ಮೆಟ್ಟಿಲಲ್ಲಿ ಅಡ್ಡ ನಿಂತಳು.
ಕೈ ಎತ್ತಿದಳು: 'ನಿನ್ನದು ಔಷಧಿ ಚೀಟಿ.
ನಾನು ಹೊಲಿಗೆ ಕಾರ್ಖಾನೆಯಲ್ಲಿದ್ದೆ, ಗೊತ್ತಾ,
ಕಿವಿ ಕೇಳದ ಒಂಬತ್ತು ಹೆಂಗಸರು.
ಯಂತ್ರಗಳ ಗದ್ದಲ ಕೇಳುವವರಿಗೆ ಮಾತ್ರ.
ಮೇಲ್ವಿಚಾರಕನ ಮೂಗಿನ ಕೆಳಗೇ
ನಿನ್ನೆ ರಾತ್ರಿಯದನ್ನೆಲ್ಲ ಆಡಿಕೊಳ್ಳುತ್ತಿದ್ದೆವು.
ಪಾಪ, ಗುಂಡಿಯ ಅಳತೆ ಹೇಳುತ್ತಿದ್ದೇವೆ ಅಂದುಕೊಂಡಿದ್ದ.'

ತೋರಿಸಿದಳು.
ಅದನ್ನಿಲ್ಲಿ ಬರೆಯಲಾರೆ. ನಾಚಿಕೆಯಿಂದಲ್ಲ,
ಕಾಗದಕ್ಕೆ ಮಣಿಕಟ್ಟಿಲ್ಲ.
ಮಾಡಿದೆ. ತಲೆಯಾಡಿಸಿದಳು.
'ಕೈ ಸರಿ. ಮುಖ ಎಲ್ಲಿ?
ಮುಖವಿಲ್ಲದೆ ಈ ಮಾತಿಲ್ಲ.
ನಾಚಿಕೆ ಬಂದರೆ ಬರಲಿ, ಹಿಂದಿನ ಸೀಟಿನಲ್ಲಿ ಕೂರಲಿ.
ಇನ್ನೊಂದು. ಬೇಡ ಅನ್ನುವುದಕ್ಕೂ
ಇಷ್ಟೇ ಮುಖ ಬೇಕು.'

ಬಸ್‌ಸ್ಟಾಪಿನಲ್ಲಿ ಕೈಗವಸು ಕಳಚಿ ಅಭ್ಯಾಸ ಮಾಡಿದೆ.
ಉಣ್ಣೆಯೊಳಗೆ ಕೈ ಮೂಗಿ.
ಪಕ್ಕದ ಮುದುಕ ಟೋಪಿ ಮುಟ್ಟಿಕೊಂಡ,
ಪ್ರಾರ್ಥನೆ ಅಂದುಕೊಂಡನೋ ಏನೋ.
ಹದಿನೆಂಟು ನಿಮಿಷ, ಬೆರಳಿಗೆ ಜೀವವೇ ಇಲ್ಲ.
ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ
ಏನು ಬೇಕು ಅಂತ ಅವನನ್ನು ನಾನು ಕೇಳಿದ್ದು
ಸಾರಿಗೆ, ಹುಟ್ಟುಹಬ್ಬಕ್ಕೆ,
ಕಾರಿನ ಚಕ್ರಕ್ಕೆ.

ಒರೆಸ್ಟಿಗೆ ಬರುವ ಸನ್ನೆ ಮೂರು: ಕಾಫಿ, ಹಿಮ, ಬಾ.
ಗೋಡೆಯ ಕಡೆ ತಿರುಗಿ ಮಲಗಿದ್ದ.
ಭುಜ ಮುಟ್ಟಿದೆ.
'ಕೈ ಮಂಜುಗಡ್ಡೆ,' ಅಂದ.
'ಗೊತ್ತು,' ಅಂದೆ. 'ಒಂದು ಮಾತು ಕಲಿತು ಬಂದೆ.
ಬಾಯಲ್ಲಿ ಹೇಳಲು ಬರುವುದಿಲ್ಲ.
ದೀಪ ಆರಿಸಬೇಡ.'

ಅವನು ಎದ್ದು ಕೂತು
ಕನ್ನಡಕ ತಡಕಾಡತೊಡಗಿದ.