ಎರಡನೆಯ ತಲೆ

ಮಾಂಟ್ರಿಯಲ್ಲಿನ ಕಾಲುವೆ ದಂಡೆ, ಮುಚ್ಚಿಹೋದ ಹಿಟ್ಟಿನ ಗಿರಣಿ.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಒಳಗೆ ಹನ್ನೊಂದು ಜನ, ಒಂದು ಹೀಟರು.
ಮೊದಲು ಬೆಚ್ಚಗಾಗುವ ಹಕ್ಕು ಕ್ಯಾಮೆರಾದ್ದು.

ಇದು ಭಾಗ ಎರಡು.
ಭಾಗ ಒಂದರ ನಾಯಕ ಹೆಚ್ಚು ದುಡ್ಡು ಕೇಳಿದನಂತೆ,
ಅದಕ್ಕೇ ಮೊದಲ ನಿಮಿಷದಲ್ಲಿ
ಯಾರೋ ಯಾರಿಗೋ ಫೋನಿನಲ್ಲಿ ಹೇಳುತ್ತಾರೆ
ಅವನು ಹೋಗಿಬಿಟ್ಟ ಅಂತ.
ಜಗತ್ತು ಉಳಿಸಿದವನ ಲೆಕ್ಕ ಒಂದೇ ಸಾಲಿನಲ್ಲಿ ಚುಕ್ತಾ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ನಮಗೆ ಹಾಸಿಗೆಯೇ ಇರಲಿಲ್ಲ. ಚಾಚಿದ್ದೆವು.

'ಇವರು ಕಂಡವರ ಮನಸ್ಸಿನೊಳಗೆ ನುಗ್ಗಬಲ್ಲವರು,'
ಫೆರ್ನಾಂ ಮೂಗು ಒರೆಸಿಕೊಳ್ಳುತ್ತಾ ವಿವರಿಸಿದ,
'ದಿಟ್ಟಿಸಿದರೆ ಸಾಕು, ಎದುರಿಗಿದ್ದವನ ತಲೆ ಸಿಡಿಯುತ್ತೆ.'
ಎಷ್ಟು ತಲೆ? ಎಂದೆ.
ನಿರ್ಮಾಪಕ ಎರಡು ಬೆರಳು ತೋರಿಸಿದ.
ಆಮೇಲೆ ಒಂದನ್ನು ಮಡಚಲೇ ಎನ್ನುವ ಹಾಗೆ
ತನ್ನ ಕೈಯನ್ನೇ ನೋಡಿಕೊಂಡ.

ತಲೆ ಮಾಡುವವಳು ನಾನು.
ಹಗಲು ಕಟ್ಟುಹಲ್ಲಿನ ಲ್ಯಾಬಿನಲ್ಲಿ, ರಾತ್ರಿ ಇಲ್ಲಿ.
ರೆಜಾನ್‌ನ ಮೂಗಿಗೆ ಎರಡು ಹೀರುಗೊಳವೆ ಸಿಕ್ಕಿಸಿ
ಮುಖದ ತುಂಬ ಪ್ಲಾಸ್ಟರು ಮೆತ್ತಿ
ಇಪ್ಪತ್ತು ನಿಮಿಷ ಅವನ ಉಸಿರು ಎಣಿಸಿದ್ದೆ.
ಆ ಕತ್ತಲಲ್ಲಿ ಏನು ಯೋಚಿಸಿದೆ ಅಂದರೆ
'ಟ್ಯಾಕ್ಸಿಯ ಹಿಂದಿನ ಟೈರು' ಅಂದ.

ಜೆಲಾಟಿನ್, ಜೋಳದ ಪಾಕ, ಕೆಂಪು ಬಣ್ಣ,
ಕಸಾಯಿ ಅಂಗಡಿಯ ಮೊನ್ನೆಯ ಲಿವರು.
ಕ್ಯಾಮೆರಾಕ್ಕೆ ಮೂಗಿಲ್ಲ, ಪುಣ್ಯ.

ಆದರೆ ನಾನು ಹೇಳಹೊರಟದ್ದು ತಲೆಯ ಮಾತಲ್ಲ, ನರದ್ದು.

ಅವನ ಹಣೆಯ ರಬ್ಬರಿನಡಿಯಿಂದ ಹೊರಟ ಸಣ್ಣ ಕೊಳವೆ
ಕಿವಿಯ ಹಿಂದೆ ಹಾದು, ಅಂಗಿಯೊಳಗಿಳಿದು,
ಪ್ಯಾಂಟಿನ ಕಾಲಿನಿಂದ ಹೊರಬಿದ್ದು
ಮೇಜಿನಡಿ ಮುದುಡಿ ಕೂತ ನನ್ನ ಬಾಯಿಗೆ.
'ಯೋಚಿಸು! ಇನ್ನೂ ಜೋರಾಗಿ ಯೋಚಿಸು!' ಫೆರ್ನಾಂ ಅರಚುತ್ತಾನೆ.
ಊದುತ್ತೇನೆ. ಅಲ್ಲಿ ಮೇಲೆ ನರ ಏಳುತ್ತದೆ.
ಬಿಡುತ್ತೇನೆ. ಇಳಿಯುತ್ತದೆ.
ನನಗೆ ಕಾಣುತ್ತಿದ್ದದ್ದು ಅವನ ಬೂಟು ಮಾತ್ರ,
ಒಂದಕ್ಕೆ ಲೇಸಿನ ಬದಲು ವೈರು.
ಬಲಗಾಲಿನ ತುದಿ ಎತ್ತಿದರೆ ಊದಬೇಕು, ಒಪ್ಪಂದ.

ನಾಲ್ಕನೆಯ ಟೇಕಿನಲ್ಲಿ
ಬೂಟು ಏಳುವ ಮುಂಚೆಯೇ ನನ್ನ ಕೆನ್ನೆ ಉಬ್ಬಿತ್ತು.
ಹೇಗೆ ಅಂತ ಕೇಳಬೇಡಿ.

ಮೊದಲ ತಲೆ ಚಳಿಗೆ ಕಲ್ಲಾಗಿತ್ತು.
ಢಮ್ ಅಂದಿತು, ಒಂದು ಕಿವಿ ಮಾತ್ರ ಉದುರಿತು,
ತಟ್ಟೆಯ ಅಂಚು ಚಕ್ಕೆ ಎದ್ದ ಹಾಗೆ.
ಎಲ್ಲರೂ ಬಿದ್ದು ಬಿದ್ದು ನಕ್ಕರು, ನಿರ್ಮಾಪಕನ ಹೊರತು.
ರೆಜಾನ್ ತನ್ನ ಕಿವಿ ಹೆಕ್ಕಿ ಜೇಬಿಗೆ ಹಾಕಿಕೊಂಡ.

ಎರಡನೆಯದನ್ನು ಕೋಟಿನೊಳಗೆ ಸುತ್ತಿ
ರಾತ್ರಿಯಿಡೀ ತೊಡೆಯ ಮೇಲೆ ಇಟ್ಟುಕೊಂಡು ಕೂತೆ.
ಬೆಳಗಿನ ಜಾವ ಬಂದ ಅವನು, ಗಡ್ಡಕ್ಕೆಲ್ಲ ಮಂಜು.
'ಒಳಗೆ ಜಾಗ ಇದೆಯಾ?'
ನಾಲ್ಕು ಮಡಿಕೆಯ ಕಾಗದವೊಂದನ್ನು
ತನ್ನದೇ ನೆತ್ತಿಯೊಳಗೆ ತುರುಕಿ, ನನ್ನ ಮುಖ ನೋಡದೆ
ಕಾಫಿಯ ಕಡೆ ನಡೆದ.

ತೆಗೆದು ಓದಬಹುದಿತ್ತು.
ಮನಸ್ಸು ಓದುವವರ ಸಿನಿಮಾದಲ್ಲಿ
ಓದದೆ ಉಳಿದದ್ದು ಅದೊಂದೇ.

ಏಳು ಗಂಟೆಗೆ ತಲೆ ಸರಿಯಾಗಿ ಸಿಡಿಯಿತು.
ಈಗಲೂ ಕ್ಯಾಸೆಟ್ಟು ಹಾಕಿ ಅಲ್ಲಿ ನಿಲ್ಲಿಸುತ್ತೇನೆ.
ಅದುರುವ ಗೆರೆಗಳ ನಡುವೆ, ಕೆಂಪಿನಲ್ಲಿ
ಬಿಳಿಯ ಚೂರುಗಳು ಹಾರುತ್ತವೆ.
ಬಾಡಿಗೆಗೆ ತಂದು ನೋಡುವವರು ಮೂಳೆ ಅಂದುಕೊಳ್ಳುತ್ತಾರೆ.
ಒಂದರ ಮೇಲೆ ಯಾವುದೋ ಅಕ್ಷರದ ಬಾಲ.
ಅಥವಾ ಟೇಪು ಸವೆದ ಗೀರು.

ಭಾಗ ಮೂರಕ್ಕೆ ರೆಜಾನ್ ಬರಲಿಲ್ಲ.
ಅವನ ಟ್ಯಾಕ್ಸಿ, ಸೇತುವೆ, ಕಪ್ಪು ಹಿಮ...
ಯಾರೋ ಫೋನಿನಲ್ಲಿ ಹೇಳಿದರು.
ರಿಸೀವರು ಕಿವಿಯಲ್ಲೇ ಇತ್ತು,
ನನ್ನ ಕೆನ್ನೆ ಆಗಲೇ ಉಬ್ಬಿತ್ತು,
ಊದಲು ಕೊಳವೆ ಇರಲಿಲ್ಲ.