ಕಡ್ಡಾಯವಲ್ಲ

ಕುತೈಸಿಯ ಹಳೆಯ ಆಸ್ಪತ್ರೆಯ ನೆಲಮಾಳಿಗೆಗೆ
ಹದಿನೇಳು ಮೆಟ್ಟಿಲು.
ಹನ್ನೊಂದನೆಯದು ಮುರಿದಿದೆ, ನೋಡಿಕೊಂಡು ಇಳಿ
ಎಂದಳು ತ್ಸಿಯಾಲಾ.
ಕೀಲಿಕೈ ಅವಳ ಕೊರಳ ದಾರದಲ್ಲಿ, ಶಿಲುಬೆಯ ಪಕ್ಕ.

ನಾನು ಹೆಗಲಲ್ಲಿ ತಂತಿಸುರುಳಿ ಹೊತ್ತವನು.
ತಂದ ಪಟ್ಟಿಯಲ್ಲಿ ಒಂದು ಉಕ್ಕಿನ ಬಾಗಿಲು, ಎರಡು ಕ್ಯಾಮೆರಾ,
ಇಲ್ಲಿ ಮುಟ್ಟಿದರೆ ಪೊಲೀಸ್ ಠಾಣೆಯಲ್ಲಿ ಬೊಬ್ಬೆಯಿಡುವ ಗಂಟೆ.
ಎಲ್ಲಕ್ಕೂ ಕೆಳಗೆ, ಇರುವೆಸಾಲಿನಂಥ ಅಕ್ಷರದಲ್ಲಿ:
ಇದಾವುದೂ ಕಡ್ಡಾಯವಲ್ಲ.

ನಿರ್ದೇಶಕ ಗುರಾಮ್ ಆ ಸಾಲನ್ನೇ ಮೂರು ಸಲ ಓದಿದ್ದ.
ಕಾನೂನು ಕೇಳುವುದು ಒಂದು ಬೀಗ,
ಬೀಗ ಒಂದು ಇದೆ.
ಬಾಗಿಲು ಅವರು ಕೊಡುತ್ತಾರೆ ಸರಿ,
ವರ್ಷ ವರ್ಷ ಅದನ್ನು ಸಾಕುವವರು ಯಾರು?
ಮಕ್ಕಳ ವಾರ್ಡಿನ ಸೂರು ಸೋರುತ್ತಿದೆ.
ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ತೆಗೆದ.
'ಯಾರೂ ಕೇಳದ್ದನ್ನು ಯಾಕಪ್ಪಾ ಮಾಡಬೇಕು?'
ನಾನು ಬಾಗಿಲು ಕೂರಿಸುವವನು,
ನನ್ನ ಚೀಲದಲ್ಲಿ ಆ ಉತ್ತರ ಇರಲಿಲ್ಲ.

ಕೆಳಗೆ, ಹಸಿರು ಬಣ್ಣ ಚಕ್ಕೆಯೆದ್ದ ಕದದ ಆಚೆ
ಹಾಸಿಗೆಯ ದುಪ್ಪಟಿ ಹೊದ್ದು ನಿಂತಿದೆಯಂತೆ ಕೋಬಾಲ್ಟ್ ಯಂತ್ರ.
ಒಂದು ಕಾಲಕ್ಕೆ ಎಷ್ಟೋ ಜನರ ಗಂಟಲಗಡ್ಡೆ ಸುಟ್ಟದ್ದು.
ಐದು ವರ್ಷಕ್ಕೊಮ್ಮೆ ಅರ್ಧವಾಗುತ್ತದೆ,
ಆ ಅರ್ಧದಲ್ಲಿ ಅರ್ಧ, ಅದರಲ್ಲೂ ಅರ್ಧ.
ಸಾಯುವುದನ್ನು ಮಾತ್ರ ಕಲಿತಿಲ್ಲ.

ಅಳತೆಪಟ್ಟಿ ಹಿಡಿದು ಕೈ ಚಾಚಿದೆ.
'ಮುಟ್ಟಬೇಡ!'
ಕದ ಚೌಕಟ್ಟಿಗೆ ಸೇರುವ ಕಡೆ, ಮೊಣಕಾಲ ಎತ್ತರದಲ್ಲಿ
ಕಡಲೆಕಾಳಿನಷ್ಟು ಜೇನುಮೇಣ.
ಅದರೊಳಗಿಂದ ಹಾದ ಒಂದು ನೀಲಿ ನೂಲು.
ಮೇಲೆ ಉಗುರಿನ ಗುರುತು, ಚಂದ್ರನ ಸಿಬರಿನಂತೆ.

ಕರೆಂಟಿಲ್ಲದ ಚಳಿಗಾಲವಂತೆ ಅದು.
ಲಿಫ್ಟಿನ ಹಗ್ಗ ಹೋಯಿತು, ಹಂಡೆಗಳು ಹೋದವು,
ಬಾಗಿಲ ಹಿಡಿಗಳೂ ಗುಜರಿಗೆ ಹೋದವು.
ಸೀಸಕ್ಕೆ ಕಿಲೋಗೆ ಎರಡು ರೊಟ್ಟಿ.
ಕೈಗಾಡಿ ತಳ್ಳಿಕೊಂಡು ಇಬ್ಬರು ಹುಡುಗರು ಬಂದರು:
ಒಳಗೆ ಒಳ್ಳೇ ತೂಕದ ಮಾಲಿದೆಯಂತಲ್ಲ, ಚಿಕ್ಕಮ್ಮಾ?
ಒಬ್ಬನ ಕಾಲಲ್ಲಿ ಹೆಂಗಸರ ಚಪ್ಪಲಿ.
ಒಳಗಿರುವುದು ಟೈಫಸ್ಸಿನ ಹೆಣ, ಒಂಬತ್ತು,
ಎತ್ತಿಹಾಕಲು ಒಂದು ಕೈ ಕೊಡುತ್ತೀರಾ ಮಕ್ಕಳೇ, ಅಂದಳು.
ಗಾಡಿ ಬಿಟ್ಟು ಓಡಿದರು.
ಆ ಗಾಡಿಯನ್ನೇ ಒಡೆದು ಒಲೆಗೆ ಹಾಕಿದೆ, ಎಂದು ನಕ್ಕಳು.

ಅಂದಿನಿಂದ ದಿನಾ ಮುಸ್ಸಂಜೆ ಮೇಣ, ಅಣ್ಣನ ಜೇನುಗೂಡಿನದು.
ನೂಲು ಅವಳದೇ ಹಳೆಯ ಸ್ವೆಟರಿನದು.
ಬೆಳಗ್ಗೆ ಬಂದು ಬಗ್ಗಿ ನೋಡುವುದು,
ಎಳೆ ಹರಿದಿಲ್ಲವೆಂದರೆ ಒಲೆ ಹಚ್ಚುವುದು.
'ಹಾಗೆ ಮಾಡು ಅಂದವರು ಯಾರು?'
ಯಾರೂ ಅನ್ನಲಿಲ್ಲ.
'ಸಂಬಳ?'
ಆ ಹನ್ನೊಂದು ತಿಂಗಳು ಯಾರಿಗೆ ಬಂತು ಸಂಬಳ?
ಸ್ವೆಟರು ಮಾತ್ರ ಈಗ ತೋಳಿಲ್ಲದ್ದಾಗಿದೆ.

ಮೇಲೆ ಹೋಗಿ ಗುರಾಮನಿಗೆ ಮೇಣದ ವಿಷಯವಷ್ಟೇ ಹೇಳಿದೆ.
ಅವನು ಮಾತಾಡದೆ ಎದ್ದ, ಆರು ವರ್ಷದಲ್ಲಿ ಮೊದಲ ಸಲ
ತಾನೇ ಕೆಳಗಿಳಿದ.
ಹನ್ನೊಂದನೆಯ ಮೆಟ್ಟಿಲಲ್ಲಿ ಒಂದು ಸದ್ದು, ಒಂದು ಬೈಗುಳ.
ಕುಂಟುತ್ತ ಬಂದು ಸಹಿ ಹಾಕಿದ.
'ಆ ಮೆಟ್ಟಿಲನ್ನೂ ನಿಮ್ಮ ಪಟ್ಟಿಗೆ ಸೇರಿಸು.'
ಅದಕ್ಕೆ ದುಡ್ಡಿಲ್ಲ, ಪಟ್ಟಿಯಲ್ಲಿಲ್ಲ ಅಂದೆ.
ಭಾನುವಾರ ಮನೆಯಿಂದ ಅರ್ಧ ಚೀಲ ಸಿಮೆಂಟು ತಂದೆ.

ಹತ್ತು ದಿನದಲ್ಲಿ ಉಕ್ಕು ಕೂತಿತು, ತಂತಿ ಹರಿಯಿತು,
ಮೇಣದ ಕಲೆಯಿದ್ದ ಎತ್ತರದಲ್ಲೇ ಸೆನ್ಸರು ಇಟ್ಟೆ.
ಠಾಣೆಯಲ್ಲಿ ಗಂಟೆ ಬೊಬ್ಬೆಯಿಟ್ಟಿತು, ಜೀಪು ಬಂತು
ಆರು ನಿಮಿಷಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ತ್ಸಿಯಾಲಾ ಹಸಿರು ದೀಪವನ್ನು ಬಹಳ ಹೊತ್ತು ನೋಡಿದಳು.
'ಕರೆಂಟು ಹೋದರೆ?'
ಬ್ಯಾಟರಿ ಇದೆ ಅಜ್ಜಿ, ಎಂಟು ಗಂಟೆ ಬರುತ್ತದೆ.
ಅವಳ ಹೆಬ್ಬೆರಳು ತೋರುಬೆರಳು
ಆಗಲೇ ಏನನ್ನೋ ಹೊಸೆಯುತ್ತಿದ್ದವು, ಬೆಚ್ಚಗಾಗಲೆಂದು.
'ಒಂಬತ್ತನೆಯ ಗಂಟೆಗೆ?'