ಒಂಬತ್ತನೆಯ ದಿನದ ಗೆರೆ

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ಇನ್‌ಕ್ಯುಬೇಟರಿನ ಗಾಜಿಗೆ ಮುಖವಿಟ್ಟು ಹೆಲ್ವೆ ನಿಂತಿದ್ದಾಳೆ
ಉಕ್ಕಲಿರುವ ಹಾಲು ಕಾಯುವವಳ ಹಾಗೆ.

ಮಜ್ಜೆಯ ಈ ಕೋಶಕ್ಕೊಂದು ಹಟ:
ಒಳಗೆ ಎರಡು ನಾಲ್ಕಾಗುತ್ತದೆ, ಎಂಟು, ಹದಿನಾರು,
ಮನೆ ಮಾತ್ರ ಪಾಲಾಗುವುದಿಲ್ಲ.
ಉಬ್ಬುತ್ತದೆ, ಅಷ್ಟೆ.

ನಾಲ್ಕನೆಯ ದಿನದ ಪ್ರೋಟೀನು
ಕರೆದೊಡನೆ ಬಂತು, ಫಿಲ್ಮಿನ ಮೇಲೆ ಕಾಡಿಗೆ ತೀಡಿದಂತೆ.
ಒಂಬತ್ತಕ್ಕೆ ಇನ್ನೊಂದು ಬರಬೇಕು,
ಹರಿದ ನಾಳದ ಅಂಚನ್ನು ಕಚ್ಚಿ ಹಿಡಿಯುವಂಥದು.
ಹೆಲ್ವೆಯೇ ಸೂಜಿ ಚುಚ್ಚಿಸಿಕೊಂಡು ಕೊಟ್ಟ ಮಜ್ಜೆಯಲ್ಲಿ
ಅದು ಬಂದಿದೆ, ದಪ್ಪಗೆ, ಸಂಕೋಚವಿಲ್ಲದೆ.

ಪಕ್ಕದ ಓಣಿ ಖಾಲಿ.
ಅದು ಲೇಲೊಳದು. ವೋರು ಊರಿನವಳು, ಏಳು ವರ್ಷ,
ಹಾಲುಹಲ್ಲು ಬಿದ್ದ ರಾತ್ರಿ ಮೂರು ದಿಂಬು ತೋಯಿಸಿದವಳು.
ಗುರುವಾರಗಳಲ್ಲಿ ಅವಳಮ್ಮ ಫೋನು ಮಾಡುತ್ತಾಳೆ,
ಹವಾಮಾನದ ಬಗ್ಗೆ ಮಾತಾಡುತ್ತಾಳೆ.

ಆದರೂ ಆ ಹುಡುಗಿಯ ಕೋಶಗಳು ಕೈಕಟ್ಟಿ ಕೂತಿಲ್ಲ ನೋಡಿ.
ಹನ್ನೆರಡನೆಯ ರಾತ್ರಿ ತೋಳು ಚಾಚಿದವು,
ಶ್ಯಾವಿಗೆಯಂಥ ತೋಳು,
ತುದಿಯಲ್ಲಿ ತಮ್ಮನ್ನೇ ಮುರಿಮುರಿದು ಕೊಟ್ಟವು
ರಕ್ತದ ಬಿಲ್ಲೆಗಳನ್ನು:
ಎಣಿಕೆಯಲ್ಲಿ ಕಮ್ಮಿ, ಗಾತ್ರದಲ್ಲಿ ವಿಪರೀತ,
ಕಚ್ಚಲು ಹಲ್ಲಿಲ್ಲ.
ಕೊಟ್ಟಾದ ಮೇಲೆ ಉಳಿದದ್ದು ನಡುವಿನ ಗಂಟು, ಬರೀ ಗಂಟು.

ವರದಿಯಲ್ಲಿ 'ಇಲ್ಲ' ಎಂದು ಬರೆಯಲಾರದೆ
ಹೆಲ್ವೆ ಅಂಕಿ ಬರೆದಳು:
ಸೊನ್ನೆ ಪಾಯಿಂಟ್ ಸೊನ್ನೆ ಮೂರು.
ಈ ಮೂರು ಎಲ್ಲಿಂದ ಬಂತು, ಕೇಳಿದೆ.
ಫಿಲ್ಮಿನ ಮೇಲೆ ಧೂಳಿತ್ತು, ಅಂದಳು.

ಅಳಿಸಲಿಲ್ಲ.